ಲಿಂಬಿ ನೀರು

ನಮ್ಮವ್ವ ಎರಡು ವರ್ಷ ಲಿಂಬೆಹಣ್ಣು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ಲಿಂಬೆ ಉಪ್ಪಿನಕಾಯಿಯ ಭರಣಿಯನ್ನು ನನ್ನ ಕಡೆ ಸರಿಸಿ ಮುಖ ಆಚೆ ತಿರುಗಿಸುತ್ತಿದ್ದಳು. ಇದಕ್ಕೆ ಅರ್ಧ ಕಾರಣ ಅವಳ ಕಿವಿ, ಇನ್ನರ್ಧ ನನ್ನ ದಡ್ಡತನ.

ಎರಡು ಸಾವಿರದ ಐದರ ಆಸುಪಾಸಿನ ಮಾತು. ಇಳಕಲ್ಲಿನ ಮನೆಯಲ್ಲಿ ಅವ್ವ, ನಾನು ಇಬ್ಬರೇ. ನಾನು ಹುನಗುಂದದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅವ್ವ ಕೊಂಡಿ ಹಾಕುವುದರಲ್ಲಿ ಓಣಿಗೆಲ್ಲ ಹೆಸರಾದವಳು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರೊಳಗೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೊತ್ತಾಗುತ್ತದೆ. ಅವ್ವನ ಬಲಗೈಗೆ ಅದು ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಆ ಬಲಗಡೆಯ ಎದೆಯಲ್ಲೇ ಕ್ಯಾನ್ಸರಿನ ಗಂಟಾಯಿತು. ಬಾಗಲಕೋಟೆಯಲ್ಲಿ ಆಪರೇಶನ್ ಮಾಡಿ ಎದೆಯನ್ನೂ ಕಂಕುಳೊಳಗಿನ ಗಂಟುಗಳನ್ನೂ ತೆಗೆದರು. ಗಾಯ ಮಾಯಿತು, ಕೂದಲು ಮತ್ತೆ ಬಂತು, ಗೆದ್ದೆವು ಎಂದುಕೊಂಡೆವು. ಒಂದು ವರ್ಷದ ಮೇಲೆ ಕೈ ಬಾತುಕೊಳ್ಳತೊಡಗಿತು. ತಪಾಸಣೆಗೆ ಹೋದ ದಿನ ನಾನು ಗುಳಿಗೆ ತರುವ ಸಾಲಿನಲ್ಲಿ ನಿಂತಿದ್ದೆ. ಅವ್ವ ಒಬ್ಬಳೇ ಡಾಕ್ಟರನ್ನು ಕಂಡು ಹೊರಗೆ ಬಂದಳು.

"ಏನಂದ್ರು ಬೇ?"

"ಕೈಯಾಗ ಲಿಂಬಿ ನೀರು ನಿಂತದಂತ."

ನಾನು ತಲೆ ಆಡಿಸಿದೆ. ನಮ್ಮ ಕಡೆ ಲಿಂಬೆಗೆ ಲಿಂಬಿ ಎಂದೇ ಅನ್ನುತ್ತಾರೆ. ಹುಳಿ ತಿಂದರೆ ಬಾವು ಹೆಚ್ಚಾಗುತ್ತದೆ ಎಂಬುದು ಓಣಿಯ ಎಲ್ಲರಿಗೂ ಗೊತ್ತಿದ್ದ ಸಂಗತಿ, ಡಾಕ್ಟರೂ ಅದನ್ನೇ ಹೇಳಿರಬೇಕು ಎಂದುಕೊಂಡೆ. ಅವರು ಕೊಟ್ಟ ಒಂದು ಚೀಟಿಯನ್ನು ಅವ್ವ ಮಡಚಿ ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ಅದೇನು ಎಂದು ನಾನೂ ಕೇಳಲಿಲ್ಲ. ಅಂದಿನಿಂದ ಲಿಂಬೆ ಬಂದ್.

ಎರಡು ವರ್ಷದಲ್ಲಿ ಕೈ ಕುಪ್ಪಸದ ತೋಳಿಗೆ ಹಿಡಿಸದಂತಾಯಿತು. ಬೆರಳು ಮಡಚಿದರೆ ಮುಷ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಕೊಂಡಿ ಹಾಕುವುದು ನಿಂತಿತು. ಅವ್ವ ಸೆರಗಿನೊಳಗೆ ಕೈ ಮುಚ್ಚಿಕೊಂಡು ಬಾಗಿಲಲ್ಲಿ ಕೂತು, ಬೇರೆಯವರ ಮಗ್ಗದ ಸಪ್ಪಳ ಕೇಳುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಆಗ ಚಿಗವ್ವ ಬಂದಳು. ಅವ್ವನ ತಂಗಿ, ಐಹೊಳೆ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣು. ಅವಳೂರಿನ ಹತ್ತಿರ ಒಬ್ಬ ಮುದುಕ ಕಾದ ಕಬ್ಬಿಣದಿಂದ ಬರೆ ಹಾಕಿ ಬಾವು ಇಳಿಸುತ್ತಾನಂತೆ. ಬರುವ ಅಮಾವಾಸ್ಯೆಗೆ ಬನ್ನಿ ಎಂದಿದ್ದಾನಂತೆ. ಅಮಾವಾಸ್ಯೆಗೆ ಇನ್ನು ಎಂಟು ದಿನ ಇತ್ತು.

"ಡಾಕ್ಟರ್ ಕಡೆ ಹೋಗೂಣ ಬಾ ಬೇ," ಎಂದೆ.

"ಅವ್ರು ಹೇಳೂದು ಹೇಳ್ಯಾರ. ಲಿಂಬಿ ಬಿಟ್ಟೇನಿ. ಇನ್ನೇನ್ ಬಿಡ್ಲಿ, ಅನ್ನಾ ಬಿಡ್ಲೇನು?"

"ಕೈ ಸುಡ್ತಾರ ಬೇ ಅವ್ರು."

"ಕೊಂಡಿ ಹಾಕದ ಕೈ ಸುಟ್ರೇನು, ಬಿಟ್ರೇನು?"

ಬರೆ ಬೇಡ ಎನ್ನುವುದಕ್ಕೆ ನನ್ನ ಹತ್ತಿರ ಭಯ ಬಿಟ್ಟರೆ ಬೇರೆ ಆಧಾರವೇ ಇರಲಿಲ್ಲ. ಭಯ ತೋರಿಸಿದರೆ ಅವ್ವ ಕೇಳುವವಳಲ್ಲ.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಹುನಗುಂದ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋದೆ. ಮೊದಲು ಟೆಲಿಫೋನ್ ಬೂತ್ ಇದ್ದ ಜಾಗ ಅದು. ಹಲಗೆಯ ಗೂಡುಗಳು, ಗೂಡಿಗೊಂದು ಪರದೆ. ಶಾಲೆಯ ಕಪಾಟಿನಿಂದ ತಂದ ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೇ ಬೆರಳಿನಲ್ಲಿ ಒತ್ತತೊಡಗಿದೆ. ಕೈ ಬಾವು ಎಂದು ಹುಡುಕಿದರೆ ಆನೆಕಾಲಿನ ಚಿತ್ರಗಳು ಬಂದವು. ಎದೆಯ ಆಪರೇಶನ್ ಎಂಬುದನ್ನೂ ಸೇರಿಸಿ ಬರೆದೆ. ಅಷ್ಟರಲ್ಲಿ ಬೆನ್ನ ಹಿಂದೆ ಅಂಗಡಿಯ ಮಾಲೀಕರು ಕೆಮ್ಮಿದರು.

"ಅಕ್ಕಾರ, ಇಲ್ಲಿ ಅಂಥಾವೆಲ್ಲ ನೋಡಂಗಿಲ್ರಿ."

ನಾನು ಕುರ್ಚಿ ಸಮೇತ ತಿರುಗಿದೆ. "ನಮ್ಮವ್ವನ ಎದಿ ಕೊಯ್ದು ತಗದಾರ್ರಿ. ಅದನ್ನ ಓದಾಕೂ ನಿಮ್ಮ ಅಪ್ಪಣಿ ಬೇಕೇನ್ರಿ?"

ಐವತ್ತು ದಾಟಿದ ಮನುಷ್ಯ. ಮುಖ ಸಣ್ಣದಾಯಿತು. ಹೋಗಿ ತಮ್ಮ ಮೇಜಿನ ಫ್ಯಾನು ತಂದು ನನ್ನ ಕಡೆ ತಿರುಗಿಸಿ ಇಟ್ಟರು. ಬೈದಿದ್ದು ಜಾಸ್ತಿಯಾಯಿತೇನೋ ಎಂದು ನನಗೇ ಕಸಿವಿಸಿಯಾಯಿತು.

ಮೊದಲು ಸಿಕ್ಕ ಪುಟದಲ್ಲಿ ಒಬ್ಬ ನಗುಮುಖದವನು ಬೇರಿನ ಪುಡಿ ಮಾರುತ್ತಿದ್ದ. ಹದಿನೈದು ದಿನದಲ್ಲಿ ಪೂರ್ತಿ ಗುಣ, ಖಾತ್ರಿ. ಒಂದು ಕಡೆ ಬಾತ ಕೈ, ಇನ್ನೊಂದು ಕಡೆ ಸಪೂರ ಕೈ. ನಾನು ವಿಳಾಸ ಬರೆದುಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅರ್ಧ ಬರೆದಾಗ ಕಣ್ಣಿಗೆ ಬಿತ್ತು: ಮೊದಲಿನದು ಎಡಗೈ, ಆಮೇಲಿನದು ಬಲಗೈ. ಉತ್ತರಪತ್ರಿಕೆ ತಿದ್ದುವವಳ ಕಣ್ಣು ಅಲ್ಲಿ ಕೆಲಸಕ್ಕೆ ಬಂತು. ಬರೆದದ್ದನ್ನು ಹೊಡೆದು ಹಾಕಿದೆ.

ಕೊನೆಗೆ ಬೇರೆ ದಾರಿ ಕಾಣದೆ ಅವ್ವ ಹೇಳಿದ್ದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಥರ ಬರೆದು ನೋಡಿದೆ: ಲಿಂಬಿ ನೀರು, ಕೈ ಬಾವು. ಯಂತ್ರ ಸ್ವಲ್ಪ ಹೊತ್ತು ತಡೆದು, ನೀವು ಕೇಳಬೇಕೆಂದಿದ್ದು ಲಿಂಫ್ ಎಂದೇ, ಎಂದು ನನ್ನನ್ನೇ ತಿರುಗಿ ಕೇಳಿತು. ಡಾಕ್ಟರ ಬಾಯಿಂದ ಅವ್ವನ ಕಿವಿಗೆ ಬೀಳುವಾಗ ಕಳೆದುಹೋದ ಮಾತು ಅದು. ಎರಡು ವರ್ಷ ಮಗ್ಗುಲಲ್ಲೇ ಕೂತು ನಾನು ಕೇಳದಿದ್ದ ಪ್ರಶ್ನೆಯನ್ನು ನಮ್ಮನ್ನು ಕಾಣದ ಯಂತ್ರ ಕೇಳಿತ್ತು.

ನಿಘಂಟು ತೆರೆದೆ. ಲಿಂಫ್ ಎಂದರೆ ದುಗ್ಧರಸ.

ದುಗ್ಧರಸ! ಹನ್ನೆರಡು ವರ್ಷದಿಂದ ನಾನು ಮಕ್ಕಳಿಗೆ ಬರೆಸುತ್ತಿದ್ದ ಎರಡು ಅಂಕದ ಟಿಪ್ಪಣಿ. ಬಣ್ಣವಿಲ್ಲದ ದ್ರವ, ರೋಗಗಳಿಂದ ಕಾಪಾಡುತ್ತದೆ, ಮುಂದಿನ ಪಾಠ. ಅದು ನಮ್ಮವ್ವನ ಕೈಯಲ್ಲಿ ಹರಿಯುತ್ತದೆ ಎಂದು ಒಂದು ದಿನವಾದರೂ ನನಗೆ ಹೊಳೆದಿರಲಿಲ್ಲ. ಆ ಗೂಡಿನಲ್ಲಿ ಕೂತು ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಒಂದು ದೊಡ್ಡ ಆಸ್ಪತ್ರೆಯ ಪುಟದಲ್ಲಿ ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಮೂಡತೊಡಗಿತು, ಮಗ್ಗದ ಮೇಲೆ ಸೀರೆ ಮೂಡಿದಂತೆ. ಮೊದಲು ಕುತ್ತಿಗೆ, ಆಮೇಲೆ ಕಂಕುಳು, ತೋಳು. ಚರ್ಮದ ಕೆಳಗೆ ಹಸಿರು ಎಳೆಗಳ ಜಾಲ. ರಕ್ತಕ್ಕೆ ಹೃದಯವಿದೆ, ಈ ನೀರಿಗೆ ತಳ್ಳುವ ಹೃದಯವಿಲ್ಲ. ನಾವು ಉಸಿರಾಡಿದರೆ, ಕೈ ಆಡಿಸಿದರೆ ಅಷ್ಟಷ್ಟೇ ಸರಿಯುತ್ತ ಕುತ್ತಿಗೆಯ ಬುಡದಲ್ಲಿ ಹೋಗಿ ರಕ್ತ ಸೇರುತ್ತದೆ. ಅದು ಹಾದುಹೋಗುವುದೇ ಕಂಕುಳ ಗಂಟುಗಳ ಮೂಲಕ, ಅವನ್ನು ತೆಗೆದ ಮೇಲೆ ದಾರಿ ಕಟ್ಟಿ ಕೈಯಲ್ಲೇ ನಿಲ್ಲುತ್ತದೆ. ನಾನು ಬಸ್ಸು ಮರೆತೆ. ಇಷ್ಟು ನಾಜೂಕಾದ ಏರ್ಪಾಡನ್ನು ಹೊತ್ತುಕೊಂಡು ಅವ್ವ ನೀರು ಸೇದಿದ್ದಳು, ರೊಟ್ಟಿ ಬಡಿದಿದ್ದಳು, ನನ್ನನ್ನು ಎತ್ತಿ ಆಡಿಸಿದ್ದಳು.

ಪುಟದ ಕೆಳಗೆ ಬರೆದವರು ಯಾರು, ಕೊನೆಗೆ ತಿದ್ದಿದ್ದು ಯಾವಾಗ ಎಲ್ಲ ಇತ್ತು. ಇದು ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದಿತ್ತು. ಕೆಲವರಿಗೇ ಯಾಕೆ ಬರುತ್ತದೆ ಎಂಬುದು ತಮಗೆ ಸರಿಯಾಗಿ ಗೊತ್ತಿಲ್ಲ ಎಂದೂ ಇತ್ತು. ನಾನು ಆ ಸಾಲಿನಲ್ಲೇ ನಿಂತೆ. ಹನ್ನೆರಡು ವರ್ಷದ ಪಾಠದಲ್ಲಿ ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಪುಡಿ ಮಾರುವವನಿಗೆ ಎಲ್ಲ ಗೊತ್ತಿತ್ತು, ಇಷ್ಟು ದೊಡ್ಡ ಆಸ್ಪತ್ರೆಗೆ ಎಲ್ಲ ಗೊತ್ತಿರಲಿಲ್ಲ. ನಾನು ಗೊತ್ತಿಲ್ಲ ಎಂದವರನ್ನು ನಂಬಿದೆ. ಆದರೂ ಬುಧವಾರ ಮತ್ತೆ ಹೋಗಿ ಬೇರೆ ಎರಡು ಪುಟಗಳ ಜೊತೆ ತಾಳೆ ನೋಡಿದೆ. ಮೂರರಲ್ಲೂ ಒಂದೇ ಮಾತು: ಆ ಕೈಗೆ ಶಾಖ ಬೇಡ, ಗಾಯ ಬೇಡ, ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರು. ಮಾಲೀಕರು ಹಾಳೆಗಳನ್ನು ಅಚ್ಚು ಹಾಕಿ, ಚಿತ್ರ ಕೆಳಗೆ ಮಾಡಿ, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಕನ್ನಡದಲ್ಲಿ ಬರೆದುಕೊಂಡಿದ್ದನ್ನು ಅವ್ವ ಮತ್ತು ಚಿಗವ್ವನ ಮುಂದೆ ಓದಿದೆ. ಲಿಂಬಿ ಅಲ್ಲ, ಲಿಂಫ್ ಎಂದು ಮೊದಲು ಹೇಳಿದೆ. ಅವ್ವ ಉಪ್ಪಿನಕಾಯಿಯ ಭರಣಿಯ ಕಡೆ ನೋಡಿದಳು.

"ಎರಡ ವರ್ಷ ಉಪ್ಪಿನಕಾಯಿ ಬಿಟ್ನೆಲ್ಲ," ಎಂದಳು.

"ಈಗ ತಿನ್ನು ಬೇ."

"ಈಗ ಒಲ್ಲೆ. ಈ ಕೈಲೇ ಹಿಂಡಾಕ ಬಂದ ದಿನ ಮುಟ್ತೇನಿ."

ಚಿಗವ್ವ ಮೂಗು ಮುರಿದಳು. "ಪರದೇಶದ ಮಷೀನಿಗಿ ನಮ್ಮ ಕೈ ಏನ್ ಗೊತ್ತವಾ?"

ನಾನು ಜಗಳಕ್ಕೆ ಇಳಿಯದೆ ಓದುತ್ತ ಹೋದೆ. ಕೈಯನ್ನು ನೀವುವ ಕ್ರಮದ ಭಾಗ ಬಂತು. ಬಾತ ಜಾಗವನ್ನು ಮೊದಲು ಮುಟ್ಟಬಾರದು. ಮೊದಲು ಕುತ್ತಿಗೆಯ ಹತ್ತಿರ ದಾರಿ ತೆರವು ಮಾಡಬೇಕು, ಆಮೇಲೆ ತೋಳಿನ ಮೇಲ್ಭಾಗ, ಬೆರಳು ಕೊನೆಗೆ. ಒತ್ತಬಾರದು, ಚರ್ಮ ಅಷ್ಟೇ ಸರಿಯಬೇಕು. ಅವ್ವ ಗೋಡೆಗೆ ಒರಗಿದ್ದವಳು ಎದ್ದು ಕೂತಳು.

"ಇನ್ನೊಮ್ಮಿ ಓದು."

ಓದಿದೆ.

"ಇದು ಸಿಕ್ಕು ಬಿಡಿಸೂದಲೇನು? ಸಿಕ್ಕಾದಲ್ಲೇ ಕೈ ಹಾಕಿ ಜಗ್ಗಿದ್ರ ರೇಶಿಮಿ ಹರೀತದ. ಮೊದಲ ತುದಿ ಕಡೆ ಹಾದಿ ಮಾಡಬೇಕು, ಆಮ್ಯಾಲ ಹಿಂದ ಬರಬೇಕು." ತಂಗಿಯ ಕಡೆ ತಿರುಗಿದಳು. "ಇದನ್ನ ಬರದಾಕಿ ಯಾರೋ ನೇಕಾರಾಕಿನ ಇರಬೇಕ. ನಾ ಬರಿ ಹಾಕಿಸ್ಕೊಳ್ಳಂಗಿಲ್ಲ."

ಸಂಚಿ ಬಿಚ್ಚಿ, ಅಡಿಕೆಯ ಕಲೆ ಹತ್ತಿದ ಆ ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು. ವ್ಯಾಯಾಮ ಕಲಿಸುವವರನ್ನು ಪಕ್ಕದ ಕೋಣೆಯಲ್ಲಿ ಕಾಣಬೇಕು ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಬರೆದಿದ್ದರು.

ಅಮಾವಾಸ್ಯೆಯ ದಿನ ನಾವು ಬಾಗಲಕೋಟೆಯ ಬಸ್ಸು ಹತ್ತಿದೆವು. ವ್ಯಾಯಾಮ ಕಲಿಸುವ ಮೇಡಂ ನನ್ನ ನೋಟುಬುಕ್ಕು ಪೂರ್ತಿ ಓದಿ, ಒಂದು ಕಡೆ ಕೆಂಪು ಪೆನ್ನಿನಿಂದ ಗೆರೆ ಎಳೆದರು. ಬಾವು ತಡೆಯಲು ಕೈಗೆ ಸುತ್ತುವ ಬಟ್ಟೆಯ ಪಟ್ಟಿ ಎಲ್ಲ ಕಡೆ ಒಂದೇ ಬಿಗಿ ಎಂದು ನಾನು ಬರೆದಿದ್ದೆ. ಬೆರಳ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ ಎಂದು ತಿದ್ದಿ, ಅವ್ವನ ಕೈಗೆ ಸುತ್ತಿ ತೋರಿಸಿದರು. ಮಾಸ್ತರಣಿಗೆ ಕೆಂಪು ಗೆರೆ ಬಿದ್ದದ್ದು ಕಂಡು ಅವ್ವನಿಗೆ ಆ ದಿನ ನಗು ಬಂತು.

ಮುಂದಿನದು ನಿಧಾನದ ಕೆಲಸ. ದಿನಾ ಬೆಳಿಗ್ಗೆ ನಾನು ಅವ್ವನ ಕುತ್ತಿಗೆಯಿಂದ ಶುರು ಮಾಡುತ್ತಿದ್ದೆ. ಒತ್ತಿದರೆ ಅವ್ವ ಬೈಯುತ್ತಿದ್ದಳು, ಅವಳಿಂದ ಎಳೆ ಹಿಡಿಯಲು ಕಲಿಯದ ನಾನು ಕೊನೆಗೂ ಬೆರಳು ಹಗುರ ಮಾಡುವುದನ್ನು ಕಲಿತೆ. ವಾರಕ್ಕೊಮ್ಮೆ ಒಂದೇ ಕೆಂಪು ನೂಲಿನಿಂದ ಕೈಯ ಸುತ್ತಳತೆ ತೆಗೆದು ಅಲ್ಲಿಗೆ ಗಂಟು ಹಾಕುತ್ತಿದ್ದೆವು. ಗಂಟುಗಳು ನೂಲಿನ ಮೊದಲ ತುದಿಗೆ ಹತ್ತಿರ ಬಂದವು, ಕೆಲವು ವಾರ ಹಿಂದೆಯೂ ಸರಿದವು. ಕೈ ಮೊದಲಿನಂತೆ ಆಗಲೇ ಇಲ್ಲ. ಪುಟದಲ್ಲಿ ಆಗುತ್ತದೆ ಎಂದು ಬರೆದೂ ಇರಲಿಲ್ಲ. ಆದರೆ ಅರ್ಧ ತಾಸು ಕೂತು ಎದ್ದು ಮತ್ತೆ ಕೂತು, ಅವ್ವ ಕೊಂಡಿ ಹಾಕತೊಡಗಿದಳು.

ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದಾಗ ಕಟ್ಟೆಯ ಮೇಲೆ ಹೆಚ್ಚಿದ ಲಿಂಬೆಹಣ್ಣು ಇತ್ತು. ಅವ್ವ ಒಂದು ಹೋಳನ್ನು ಬಲಗೈಯಲ್ಲಿ ಹಿಡಿದಳು. ಬೆರಳು ಒಂದೊಂದಾಗಿ ಮಡಚಿದವು, ಮುಷ್ಟಿ ಕೂಡಿತು. ರಸ ನೀರಿನ ಲೋಟಕ್ಕೆ ಬಿತ್ತು, ಮೊದಲು ಹನಿಯಾಗಿ, ಆಮೇಲೆ ಧಾರೆಯಾಗಿ. ಸಿಪ್ಪೆ ಚಪ್ಪಟೆಯಾಗುವ ತನಕ ಅವಳು ಬಿಡಲಿಲ್ಲ.

"ನಿಂತು ಏನ್ ನೋಡ್ತಿ, ಬೀಜಾ ತಗಿ," ಎಂದಳು.

ನನಗೆ ಬೀಜ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿತ್ತು. ಸಕ್ಕರೆ ಹಾಕುವುದನ್ನೂ ಮರೆತೆ. ಅವ್ವ ಹಾಗೆಯೇ ಕುಡಿದಳು.