ಗಾಳಿ ಎದ್ದರೆ ಬೇಡಮ್ಮ ಬಿಡುವುದಿಲ್ಲ

ಬೆಳಗಿನ ಐದೂವರೆ. ಕೆರೆ ದಡದ ತಗಡಿನ ಶೆಡ್ಡಿನ ಮುಂದೆ ಒಬ್ಬ ಹೆಂಗಸು ದಪ್ಪ ರಬ್ಬರ್ ಟ್ಯೂಬಿಗೆ ಕಿವಿ ಒತ್ತಿ ಕೂತಿದ್ದಾರೆ. ಗಾಳಿ ಸೋರುವ ಅನುಮಾನ ಬಂದರೆ ಸೋಪಿನ ನೀರು ಸವರುತ್ತಾರೆ. ಗುಳ್ಳೆ ಎದ್ದ ಟ್ಯೂಬು ಗೋಡೆಯ ಮೊಳೆಗೆ, ಏಳದ್ದು ನೀರಿಗೆ. ಹದಿನಾಲ್ಕು ಟ್ಯೂಬು ಮುಗಿದ ಮೇಲೆ ಕಂಬಕ್ಕೆ ಕಟ್ಟಿದ ಬಟ್ಟೆಯ ಚೂರನ್ನು ನೋಡುತ್ತಾರೆ. ಅದು ಜೋತುಬಿದ್ದಿದ್ದರೆ ಸರಿ, ಹಾರಾಡಿದರೆ "ಬೇಡ". ದಿನಕ್ಕೆ ಮೂವತ್ತು ಸಲವಾದರೂ ಹಾಗೆನ್ನುವುದರಿಂದ ಊರಿಗೆಲ್ಲ ಇವರು ಬೇಡಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಗಂಡನಿಗೂ ಮರೆತಂತಿದೆ.

ಮೀನು ಹಿಡಿಯುವ ಹುಚ್ಚಿನವರು ಬಾಡಿಗೆ ಕೊಟ್ಟು ಈ ಟ್ಯೂಬಿನಲ್ಲಿ ಕೂತು, ಕಾಲಿಗೆ ಕಪ್ಪೆಪಾದ ಎಂಬ ಅಗಲ ರಬ್ಬರ್ ಚಪ್ಪಲಿ ತೊಟ್ಟು, ನೀರು ಒದೆಯುತ್ತಾ ಹಿಮ್ಮುಖವಾಗಿ ಸಾಗುತ್ತಾರೆ. ಗಾಳಿ ತಳ್ಳಿದತ್ತ ಹೋಗುವುದು ಸಲೀಸು. ವಾಪಸು ಬರುವುದು ಮಾತ್ರ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಕಥೆ.

"ಮೊದಲು ಗಾಳಿಗೆ ಎದುರಾಗಿ ಹೋಗಿ ಅಂತೀನಿ. ಸುಸ್ತಾದಾಗ ಗಾಳೀನೇ ವಾಪಸ್ ತಂದು ಬಿಡುತ್ತೆ. ಕೇಳೋರ್ಯಾರು? ಗಾಳಿ ಬಂದಾಗ ತೂರಿಕೋ ಅಂತ ನನಗೇ ಗಾದೆ ಹೇಳ್ತಾರೆ. ಅದು ಕಾಳು ತೂರೋರಿಗೆ. ಇಲ್ಲಿ ಗಾಳಿ ಬಂದಾಗ ದಡ ಸೇರಿಕೋ, ಅಷ್ಟೇ," ಎನ್ನುತ್ತಾರೆ.

ಈ ಜ್ಞಾನೋದಯಕ್ಕೆ ಪತಿರಾಯರೇ ಕಾರಣ. ಹನ್ನೊಂದು ವರ್ಷದ ಹಿಂದೆ ಶೆಡ್ಡು ಅವರದಾಗಿತ್ತು. "ಈ ಗಾಳಿ ಏನು ಮಹಾ" ಎಂದು ಇಳಿದವರು ಆಚೆ ದಡದ ಜೊಂಡಿನಲ್ಲಿ ಸಿಕ್ಕಿಕೊಂಡರು. ಮಧ್ಯಾಹ್ನ ಕಪ್ಪೆಪಾದದಲ್ಲೇ ಮೂರು ಮೈಲಿ ಪಟಪಟನೆ ನಡೆದು ಬಂದರು. ಊರೆಲ್ಲ ನಕ್ಕಿತು, ಬೇಡಮ್ಮ ಅತ್ತರು. ಮರುದಿನ ಬೀಗದ ಕೈ ಅವರ ಸೊಂಟಕ್ಕೆ ಬಂತು. ಪತಿರಾಯರು ಈಗ ಟ್ಯೂಬಿಗೆ ಪಂಪು ಹೊಡೆಯುತ್ತಾರೆ. ಗಾಳಿಯ ಮೇಲೆ ಅವರಿಗೆ ಉಳಿದಿರುವ ಅಧಿಕಾರ ಅಷ್ಟೇ.

ಎಂಟರ ಹೊತ್ತಿಗೆ ಶೆಡ್ಡಿನ ಹಿಂದಿನಿಂದ ಗಾಳಿ ಏಳುತ್ತದೆ. ಬೇಡಮ್ಮ ಸೀಟಿ ಊದುತ್ತಾರೆ. ಎಲ್ಲರೂ ಗೊಣಗುತ್ತಾ ದಡಕ್ಕೆ ಬರುತ್ತಾರೆ, ನಿವೃತ್ತ ಮೇಷ್ಟ್ರೊಬ್ಬರ ಹೊರತು. ಅವರ ಗಾಳಕ್ಕೆ ದೊಡ್ಡದೇನೋ ಕಚ್ಚಿದೆ.

"ಮೇಷ್ಟ್ರೇ, ದಾರ ಕತ್ತರಿಸಿ, ಬನ್ನಿ!"

"ಒಂದೇ ನಿಮಿಷ ಇರಮ್ಮಾ!"

ಆ ನಿಮಿಷದಲ್ಲಿ ಗಾಳಿ ಮೇಷ್ಟ್ರನ್ನು ಕೆರೆಯ ನಡುವಿಗೆ ನೂಕಿರುತ್ತದೆ. ಗಾಬರಿಯಾಗಿ ದಾರ ಕತ್ತರಿಸಿ ಶೆಡ್ಡಿನತ್ತಲೇ ಒದೆಯುತ್ತಾರೆ. ಒದ್ದಷ್ಟೂ ದೂರವಾಗುತ್ತಾರೆ. ಅಲೆಗಳು ಎದೆಗೆ ಬಡಿಯುತ್ತಿವೆ, ಒಂದು ಕಪ್ಪೆಪಾದ ಆಗಲೇ ನೀರುಪಾಲು. ಬೇಡಮ್ಮ ಕೈಮೈಕು ಎತ್ತಿಕೊಳ್ಳುತ್ತಾರೆ.

"ಎದುರಿಗೆ ಬರಬೇಡಿ, ಸೋತು ಹೋಗ್ತೀರಿ!" ಕೈಮೈಕು ಕಿರುಚುತ್ತದೆ. "ಓರೆಯಾಗಿ ಬಲಗಡೆ ದಡಕ್ಕೆ ಹೋಗಿ! ಲೈಫ್ ಜಾಕೆಟ್ ಬಿಚ್ಚಬೇಡಿ!"

ಮೂವತ್ತೈದು ವರ್ಷ ಮಕ್ಕಳಿಗೆ "ಹೇಳಿದ್ದು ಕೇಳು" ಎಂದ ಮೇಷ್ಟ್ರು ಕೊನೆಗೂ ಹೇಳಿದ್ದು ಕೇಳುತ್ತಾರೆ. ಬೇಡಮ್ಮ ಹಗ್ಗ ಹಿಡಿದು ಪತಿರಾಯರ ಸ್ಕೂಟರ್ ಹತ್ತಿ ಕೆರೆ ಸುತ್ತಿ ಆ ದಡ ಸೇರುತ್ತಾರೆ. ಎರಡು ಸಲ ತಪ್ಪಿದ ಹಗ್ಗ ಮೂರನೇ ಸಲ ಮೇಷ್ಟ್ರ ಕೈಗೆ ಸಿಗುತ್ತದೆ. ಗಂಡ ಹೆಂಡತಿ ಸೇರಿ ಎಳೆದು ದಡಕ್ಕೆ ಹಾಕುತ್ತಾರೆ.

ಕೆಮ್ಮಿ, ಉಸಿರು ಸಿಕ್ಕಿದ ಕೂಡಲೇ ಮೇಷ್ಟ್ರು ಶುರು ಮಾಡುತ್ತಾರೆ. "ನಿಮ್ಮ ಕೂಗಾಟಕ್ಕೆ ನನ್ನ ಮೀನು ಹೋಯ್ತು! ನಾಲ್ಕು ಕೆಜಿ ಇತ್ತು! ಇನ್ನು ಈ ಕೆರೆ ಕಡೆ ತಲೆ ಹಾಕಿದ್ರೆ ಕೇಳಿ!"

ಬೇಡಮ್ಮ ಟವೆಲು ಕೊಟ್ಟು, ಹಗ್ಗ ಸುತ್ತುತ್ತಾರೆ. ಬೇಜಾರಾಗುವುದಿಲ್ಲವೇ ಎಂದರೆ ಮುಖ ಅರಳುತ್ತದೆ.

"ಬೈಲಿ ಬಿಡಿ. ಹನ್ನೊಂದು ವರ್ಷದಲ್ಲಿ ಇಲ್ಲಿ ನೀರಿಗಿಳಿದ ಪ್ರತಿಯೊಬ್ಬರೂ ದಡಕ್ಕೆ ಬಂದು ನನ್ನನ್ನ ಬೈದಿದ್ದಾರೆ. ಒಬ್ಬರೂ ತಪ್ಪಿಸಿಲ್ಲ."