ಸೆಕೆಯೂ ಉಷ್ಣವೂ

ನಮ್ಮ ಕಡೆ ಸೆಕೆ ಬೇರೆ, ಉಷ್ಣ ಬೇರೆ. ಸೆಕೆ ಹೊರಗಿನದು. ಪಗ್ಗು ತಿಂಗಳಲ್ಲಿ, ಅಂದರೆ ಬೇಸಿಗೆಯ ನಡುಮಧ್ಯದಲ್ಲಿ, ಗಾಳಿ ನಿಂತು ಕುಪ್ಪಸ ಬೆನ್ನಿಗೆ ಅಂಟುತ್ತದಲ್ಲ, ಅದು ಸೆಕೆ. ಉಷ್ಣ ಒಳಗಿನದು. ಹಲಸಿನ ಹಣ್ಣು, ಹುರುಳಿ, ಮೊಟ್ಟೆ ತಿಂದು ಮೈಗೆ ಬರಿಸಿಕೊಳ್ಳುವಂಥದ್ದು. ಬಂಟ್ವಾಳದಲ್ಲಿ ಇದನ್ನು ಚಿಕ್ಕ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗೆ ಮಾತ್ರ ಎರಡೂ ಒಂದೇ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಬದಿಯಲ್ಲಿ. ನಮ್ಮಲ್ಲಿ ಹೆಣ್ಣು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಉಳಿಯುವುದು ಆಗ ಹೊಸತೇನಲ್ಲ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಆಗಾಗ ರಜೆಯಲ್ಲಿ ಬಂದುಹೋಗುತ್ತಿದ್ದರು, ನಾನು ಅಮ್ಮನ ಜೊತೆಗಿದ್ದೆ. ಮುಟ್ಟು ನಿಂತದ್ದು ಅಮ್ಮನಿಗೆ ಮಾತ್ರ ಗೊತ್ತು. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಬಾಯಿಬಿಡಬಾರದು, ಕಣ್ಣು ತಾಗುತ್ತದೆ. ಮನೆಯ ಯಜಮಾನರಾದ ಮಾವನಿಗೂ, ಅಂದರೆ ಅಮ್ಮನ ಅಣ್ಣನಿಗೂ, ಅವಳು ಹೇಳಿರಲಿಲ್ಲ. ಬಟ್ಟೆ ತರಲಿಕ್ಕೆಂದು ಸುಳ್ಳು ಹೇಳಿ ನನ್ನನ್ನು ಪೇಟೆಗೆ, ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಮೈಸೂರಿನ ಕಡೆಯವರು. ಒಳ್ಳೆಯ ಹೆಂಗಸು. ನನ್ನನ್ನು ನೋಡಿ, "ಎಲ್ಲ ಸರಿಯಾಗಿದೆಯಮ್ಮ. ಈ ಒಂದು ತಿಂಗಳು ಮಾತ್ರ ಉಷ್ಣದಿಂದ ದೂರ ಇರಬೇಕು, ಗೊತ್ತಾಯ್ತಾ?" ಎಂದರು.

ಗೊತ್ತಾಗದೆ ಏನು! ಅಮ್ಮನಿಗೆ ಅರ್ಧಂಬರ್ಧ ಕನ್ನಡ, ನಾನು ಎಂಟನೆಯ ಕ್ಲಾಸು ಓದಿದವಳು, ಇಬ್ಬರಿಗೂ ಚೆನ್ನಾಗಿಯೇ ಗೊತ್ತಾಯಿತು. ಮನೆಗೆ ಬಂದವಳೇ ಅಮ್ಮ ಅಟ್ಟದಲ್ಲಿ ಹಣ್ಣಾಗುತ್ತಿದ್ದ ಹಲಸನ್ನೆಲ್ಲ ಆಚೆಮನೆಗೆ ಸಾಗಿಸಿದಳು. ಹುರುಳಿ ಸಾರು ನಿಂತಿತು. ಬೆಳಗ್ಗೆ ಮೆಂತೆ ಗಂಜಿ, ಆಮೇಲೆ ಬೊಂಡ, ಅಂದರೆ ಎಳನೀರು, ಸಂಜೆಗೆ ಪುನರ್ಪುಳಿ ಹಣ್ಣಿನ ಪಾನಕ. ನೆತ್ತಿಗೆ ಬೆಣ್ಣೆ ಇಟ್ಟು ತಟ್ಟುತ್ತಿದ್ದಳು. ಹಿಡಿದ ಕೆಲಸ ಬಿಡುವ ಜಾತಿಯೇ ಅಲ್ಲ ಅವಳದ್ದು. ನನಗೆ ನಗು ಬರುತ್ತಿತ್ತು, ಕುಶಿಯೂ ಆಗುತ್ತಿತ್ತು.

ಅದು ಪಗ್ಗು, ಭತ್ತ ಬೇಯಿಸುವ ಕಾಲ. ನಾವು ಉಣ್ಣುವುದು ಕುಚ್ಚಲಕ್ಕಿ. ಮಳೆಗಾಲಕ್ಕೆ ಬೇಕಾದಷ್ಟು ಭತ್ತವನ್ನು ಬಿಸಿಲು ಖಡಕ್ಕಾಗಿರುವಾಗಲೇ ಬೇಯಿಸಿ, ಅಂಗಳದಲ್ಲಿ ಹರಡಿ ಒಣಗಿಸಬೇಕು. ಮುರಕಲ್ಲಿನ ದೊಡ್ಡ ಒಲೆ, ಅದರ ಮೇಲೆ ತಾಮ್ರದ ಹಂಡೆ. ಬೆಂಕಿ ನೋಡಿಕೊಳ್ಳುವುದು, ಹರಡಿದ ಭತ್ತವನ್ನು ನಡುಬಿಸಿಲಿನಲ್ಲಿ ಕಾಲಿನಿಂದ ಎಳೆದು ಎಳೆದು ಮಗುಚುವುದು ನನ್ನ ಕೆಲಸ. ಇಪ್ಪತ್ತರ ಹುಡುಗಿ ಕಾರಣವಿಲ್ಲದೆ ಒಳಗೆ ಕೂತರೆ ಕೆಲಸದ ಹೆಂಗಸರು ಸುಮ್ಮನಿರುತ್ತಾರಾ? ಹಾಗಾಗಿ ನಾನು ಒಲೆಯ ಬುಡದಲ್ಲೇ ಇದ್ದೆ. ಮುಖ ಬೆಂದು, ಕಣ್ಣು ಕತ್ತಲೆ ಬಂದಾಗಲೆಲ್ಲ ಅಮ್ಮ ಬೊಂಡ ಕೆತ್ತಿ ಅಲ್ಲಿಗೇ ತಂದುಕೊಡುತ್ತಿದ್ದಳು.

"ಕುಡಿ ಮಗಾ," ಎನ್ನುತ್ತಿದ್ದಳು. "ಉಷ್ಣ ಆಗುವುದು ಬೇಡ."

ಆ ಭತ್ತ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಬಚ್ಚಲಿನಲ್ಲಿ ನನ್ನ ಬಸಿರು ಇಳಿದುಹೋಯಿತು. ಅಮ್ಮ ಏನನ್ನೋ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ತೋಟದ ಕಡೆಗೆ ಹೋದಳು. ಮನೆಯಲ್ಲಿ ನನಗೆ ಹೊಟ್ಟೆನೋವು ಎಂದಾಯಿತು. ಹೇಳದ ಬಸಿರಿಗೆ ಅಳುವುದಾದರೂ ಹೇಗೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಪುನಃ ಡಾಕ್ಟರ ಹತ್ತಿರ ಹೋದೆವು. ಅಮ್ಮ ತನಗೆ ಬರುವಷ್ಟು ಕನ್ನಡದಲ್ಲಿ ಜಗಳಕ್ಕೇ ನಿಂತಳು. "ನೀವು ಹೇಳಿದ ಹಾಗೆಯೇ ಮಾಡಿದ್ದೇವೆ. ಒಂದು ಸೊಳೆ ಹಲಸು ಕೊಟ್ಟದ್ದಿಲ್ಲ. ಮೊಟ್ಟೆ ಕೊಟ್ಟದ್ದಿಲ್ಲ. ಮತ್ತೆ ಯಾಕೆ ಹೀಗಾಯಿತು?"

"ಹಲಸಾ?" ಡಾಕ್ಟರು ನನ್ನ ಮುಖ ನೋಡಿದರು. "ನಾನು ಹೇಳಿದ್ದು ಬಿಸಿಲು, ಬೆಂಕಿ... ಈ ಊರಿನ ಬೇಸಿಗೆ ಇದೆಯಲ್ಲಮ್ಮ, ಈ ಉಷ್ಣ."

ಅಮ್ಮ ನನ್ನ ಕಡೆ ತಿರುಗಿದಳು. ನಾನು ತುಳುವಿನಲ್ಲಿ ಹೇಳಿದೆ, "ಅವರು ಹೇಳಿದ್ದು ಸೆಕೆಯಂತೆ."

ಡಾಕ್ಟರು ಇನ್ನೂ ಹೇಳುತ್ತಿದ್ದರು. ಅದರಿಂದಲೇ ಹೋಯಿತು ಎನ್ನಲು ಬರುವುದಿಲ್ಲ, ಮೊದಲ ತಿಂಗಳುಗಳಲ್ಲಿ ಎಷ್ಟೋ ಜನರಿಗೆ ಹಾಗಾಗುತ್ತದೆ, ಕಾರಣವೇ ತಿಳಿಯುವುದಿಲ್ಲ ಎಂದರು. ಅದನ್ನೂ ನಾನು ಅಮ್ಮನಿಗೆ ಹೇಳಿದೆ. ಅವಳ ಕಿವಿಗೆ ಅದು ಬೀಳಲಿಲ್ಲ.

ಮತ್ತೆ ಎರಡು ಮಳೆಗಾಲ ಕಳೆದು ನನಗೆ ಪುನಃ ಮುಟ್ಟು ನಿಂತಿತು. ನಿಂತದ್ದು ಅದೇ ಪಗ್ಗುವಿನ ಬಾಗಿಲಿಗೆ. ಬೇರೆ ತಿಂಗಳೇ ಇಲ್ಲವಾ ನನ್ನ ಹಣೆಯಲ್ಲಿ ಎಂದು ಸಿಟ್ಟಿನಲ್ಲಿ ದೇವರನ್ನೂ ಬೈದೆ. ಬೆಳಗ್ಗೆ ಎದ್ದರೆ ಮೊದಲು ಆಕಾಶ ನೋಡುವುದು. ಮೋಡ ಇಲ್ಲವೆಂದರೆ ಒದ್ದೆ ಬಟ್ಟೆ ಹೊಟ್ಟೆಯ ಮೇಲೆ ಹಾಕಿಕೊಂಡು ಕತ್ತಲೆಕೋಣೆಯಲ್ಲಿ ಮಲಗುವುದು, ಬಟ್ಟೆ ಒಣಗಿತೋ ಎಂದು ಮುಟ್ಟಿ ಮುಟ್ಟಿ ನೋಡುವುದು. ಹೆದರಿ ಸಾಯುತ್ತಿದ್ದೆ, ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಭತ್ತ ಬೇಯಿಸುವ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಅಂಗಳದ ಒಲೆಯೇ ಇಲ್ಲ. ಕಲ್ಲುಗಳು ತೆಂಗಿನ ಬುಡದಲ್ಲಿ ರಾಶಿ ಬಿದ್ದಿದ್ದವು. ಅಮ್ಮನ ಅಂಗೈಯಲ್ಲಿ ಹಾರೆ ಹಿಡಿದ ಬೊಕ್ಕೆಗಳು.

"ಒಲೆ ಎಲ್ಲಿ?" ಎಂದು ಮಾವ ಕೇಳಿದರು.

"ಬಿದ್ದುಹೋಯಿತು."

"ಬಿದ್ದದ್ದಾ, ಕೆಡವಿದ್ದಾ?"

"ಬಿದ್ದದ್ದು."

"ಎಂತ ಮಾರಾಯ್ತಿ, ಮಳೆಗಾಲ ಇಡೀ ಬೆಳ್ತಿಗೆ ಉಣ್ಣಲಿಕ್ಕೆ ನಾವೆಂತ ದೇವಸ್ಥಾನದ ಭಟ್ರಾ?"

ಬೆಳ್ತಿಗೆ ಎಂದರೆ ಬೇಯಿಸದ ಭತ್ತದ ಬಿಳಿ ಅಕ್ಕಿ. ಉಂಡ ಗಳಿಗೆಯಲ್ಲೇ ಹಸಿವಾಗುತ್ತದೆ ಎಂದು ಗದ್ದೆ ಕೆಲಸದವರು ಅದನ್ನು ಮೂಸಿಯೂ ನೋಡುವುದಿಲ್ಲ. ಅವರೆಲ್ಲ ಗೊಣಗಿದರು. ಮಾವ ಮುನಿಸಿಕೊಂಡು ಮೂಡಬಿದಿರೆಗೆ, ಹೆಂಡತಿಯ ಮನೆಗೆ, ಕುಚ್ಚಲಕ್ಕಿ ಅನ್ನ ಹುಡುಕಿಕೊಂಡು ಹೋದರು.

ಆ ವರ್ಷ ನಮ್ಮ ಅಂಗಳದಲ್ಲಿ ಒಂದು ಕಾಳು ಭತ್ತ ಹರಡಲಿಲ್ಲ. ಆದರೂ ನಡುಮಧ್ಯಾಹ್ನ, ಮನೆ ಸದ್ದಡಗಿದಾಗ, ಮಲಗಿದ್ದಲ್ಲಿಗೆ ನನಗೆ ಕೇಳುತ್ತಿತ್ತು. ಸರ್, ಸರ್ ಎಂದು ಭತ್ತದಲ್ಲಿ ಕಾಲೆಳೆಯುವ ಸದ್ದು. ದೊಡ್ಡವರು ಎಳೆದ ಹಾಗಲ್ಲ, ಸಣ್ಣ ಕಾಲಿನದ್ದು. ಎದ್ದು ಕಿಟಕಿಯಲ್ಲಿ ನೋಡಿದರೆ ಬಿಸಿಲು ಮಾತ್ರ. ತಲೆ ಕೆಟ್ಟಿದೆ ನನಗೆ ಎಂದು ಯಾರಿಗೂ ಹೇಳಲಿಲ್ಲ. ಒಂದು ದಿನ ಹಾಗೆ ನೋಡುತ್ತಿರುವಾಗ ಅಮ್ಮ ಬಂದು ಪಕ್ಕದಲ್ಲಿ ನಿಂತಳು. ಅವಳೂ ಅಂಗಳವನ್ನೇ ನೋಡಿದಳು.

"ನಿನಗೂ ಕೇಳ್ತದಾ?" ಎಂದಳು.

ನಾನು ಹೌದೆಂದೆ. ಅವಳು ನನ್ನನ್ನು ಕರೆದುಕೊಂಡು ಹೋಗಿ ಮಲಗಿಸಿ ಬಟ್ಟೆ ಒದ್ದೆ ಮಾಡಿ ತಂದಳು.

ಮಳೆ ಬಂತು. ಮೂರು ತಿಂಗಳು ಕಳೆಯಿತು, ಬಸಿರು ಉಳಿಯಿತು. ದೀಪಾವಳಿ ಕಳೆದು ಒಂದು ತಿಂಗಳ ಮೇಲೆ, ಬೆಳಗಿನ ಹೊತ್ತು, ಮಗಳು ಹುಟ್ಟಿದಳು. ಊರಿನ ಸೂಲಗಿತ್ತಿ ಅವಳನ್ನು ಮೀಯಿಸಿ, ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟಳು. ಬಾಗಿಲಲ್ಲಿ ಮಾವ ಇದ್ದರು, ಆಚೆಮನೆಯ ಹೆಂಗಸರಿದ್ದರು.

"ಚೊಚ್ಚಲು ಹೆಣ್ಣು. ಮನೆಗೆ ಒಳ್ಳೆಯದು," ಎಂದಳು ಸೂಲಗಿತ್ತಿ.

ಅಮ್ಮ ಮಗುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಚೊಚ್ಚಲು ಅಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇದು ಎರಡನೆಯದು."