ಅಲಕಾಳ ಒಂದು ದಿನದ ಶಾಲೆ

ಗಡಿಯಾಚೆಯ ಮರಾಠಿ ಸೀಮೆಯ ಸಮಡೋಳಿಗೆ ಸೊಸೆಯಾಗಿ ಬಂದ ಮಾಣಿಕಬಾಯಿ ಈಚೆಯ ಶೇಡಬಾಳದ ಕಡೆಯ ಹೆಣ್ಣು. ಕನ್ನಡದಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವಳಿಗೆ ಮದುವೆಯಾದಾಗ ಮರಾಠಿಯ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಅಂಥವಳು ಮಗಳು ಅಲಕಾಳಿಗೆ ಮನೆಯಲ್ಲೇ ಮರಾಠಿ ಶಾಲೆ ತೆರೆದಳು. ಬೆಳಿಗ್ಗೆ ತಾನು ಒಂದು ಪಾಠ ಕಲಿಯುವುದು, ಮಧ್ಯಾಹ್ನ ಅದನ್ನೇ ದೊಡ್ಡ ಪಂಡಿತೆಯ ಗತ್ತಿನಲ್ಲಿ ಹೇಳಿಕೊಡುವುದು. ಮಗಳು ಮುಂದಿನ ಪಾಠದ ಪ್ರಶ್ನೆ ಕೇಳಿದರೆ ಹಾಲು ಉಕ್ಕಿತೆಂದು ಒಳಗೆ ಓಡುತ್ತಿದ್ದಳು. ಹಾಗೆ ಉಕ್ಕಿದ ಹಾಲನ್ನೆಲ್ಲ ಹಾಲಿನ ಸೊಸೈಟಿಗೆ ಹಾಕಿದ್ದರೆ ಗಂಡ ಪಾಯಪ್ಪ ಅದರ ಚೇರಮನ್ನನೇ ಆಗಿಬಿಡುತ್ತಿದ್ದ.

ಅಲಕಾ ಆರು ವರ್ಷದವಳಿದ್ದಾಗ ಸ್ಲೇಟು ಪೂಜಿಸುವ ದಸರೆಯ ಪಾಟಿಪೂಜೆಗೆ ಶಾಲೆಗೆ ಕರೆದೊಯ್ದು, ಬೆಲ್ಲ ಹಂಚಿ, ಹೆಸರು ಹಚ್ಚಿಸಿದ್ದರು. ಅದೇ ವಾರ ಜ್ವರ ಬಂದು ಮಗುವಿನ ಎರಡೂ ಕಾಲು ಸೋತವು. ಆಮೇಲೆ ಶಾಲೆಗೆ ಹೋಗುವುದಾಗಲಿಲ್ಲ.

ಈಗ ಆಕೆ ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂಡಬೇಕಿತ್ತು. ಅರ್ಜಿಗೆ ಮರುದಿನವೇ ಕೊನೆ. ಸಾಂಗ್ಲಿಯ ಕೋರ್ಟಿನ ಮುಂದೆ ಅರ್ಜಿ ಬರೆಯುವವನು ಗಂಡಹೆಂಡಿರಿಗೆ ಬಿಡಿಸಿ ಹೇಳಿದ: ಶಾಲೆಯ ಮೆಟ್ಟಿಲೇ ಹತ್ತದ ಮಗುವಾದರೆ ತಂದೆತಾಯಿಯ ಪ್ರಮಾಣಪತ್ರ ಸಾಕು, ಹೋಗಿ ಬಿಟ್ಟ ಮಗುವಾದರೆ ಆ ಶಾಲೆಯ ದಾಖಲೆ ಬೇಕು. ಪಾಯಪ್ಪ ಹಿಂದೆಮುಂದೆ ನೋಡದೆ, ಮಗಳು ಯಾವ ಶಾಲೆಗೂ ಹೋಗಿಲ್ಲವೆಂದು ಬರೆಸಿ ಸಹಿ ಹಾಕಿದ. ಮಾಣಿಕಬಾಯಿಯ ಕೈ ಮಾತ್ರ ಮುಂದೆ ಹೋಗಲಿಲ್ಲ.

“ಒಂದ ದಿವ್ಸ ಹೋಗ್ಯಾಳಲ್ರಿ,” ಎಂದಳು.

ಒಂದು ದಿನಕ್ಕೆ ಶಾಲೆ ಎನ್ನುತ್ತಾರೆಯೇ ಎಂದು ಪಾಯಪ್ಪ ರೇಗಿದ. ಆದರೆ ಆ ಒಂದು ದಿನವನ್ನು ಅಲಕಾ ಇಷ್ಟು ವರ್ಷ ಜೋಪಾನ ಮಾಡಿದ್ದಳು. ತಾನು ಯಾರ ಪಕ್ಕ ಕುಳಿತಿದ್ದೆ, ತನ್ನ ಬೆಲ್ಲ ಯಾರು ಕಸಿದರು ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಅದು ನಡೆದೇ ಇಲ್ಲವೆಂದು ಬರೆದುಕೊಡಲು ತಾಯಿಗೆ ಮನಸ್ಸು ಬರಲಿಲ್ಲ.

ಮಗಳ ವರ್ಷ ಹಾಳಾದರೆ ನೀನೇ ಹೊಣೆ ಎಂದು ಪಾಯಪ್ಪ ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ. ಬಸ್ಸಿಳಿದವಳೇ ಆಕೆ ದಾಖಲೆ ಕೇಳಲು ನೇರ ಶಾಲೆಗೆ ನಡೆದಳು.

ಊರಿನ ಶಾಲೆಯ ಮುಖ್ಯ ಗುರುಜಿ ಗುರುಸಿದ್ಧಪ್ಪನವರು ಬೀಗ ಹಾಕುತ್ತಿದ್ದರು. ಎಲ್ಲ ಕೇಳಿಕೊಂಡು ಮತ್ತೆ ಬಾಗಿಲು ತೆರೆದು, ಹಳೆಯ ಹಾಜರಿಯಲ್ಲಿ ಹೆಸರು ಹುಡುಕಿ, ದಾಖಲೆ ಬರೆಯಲು ಕುಳಿತರು.

“ಸಾಲಿ ಬಿಟ್ಟ ಕಾರಣ ಏನಂತ ಬರೀಲಿ, ತಂಗಿ?”

ಜಡ್ಡು ಎಂದು ಬರೆಯಿರಿ ಎಂದ ಪಾಯಪ್ಪ. ಮಾಣಿಕಬಾಯಿ ನಡುವೆ ಬಾಯಿ ಹಾಕಿದಳು.

“ಆಕಿ ಸಾಲಿ ಬಿಟ್ಟಿಲ್ರಿ ಗುರುಜಿ. ಒಂದ ದಿವ್ಸ ನಿಮ್ಮ ಕಡೆ ಕಲ್ತಾಳ, ಉಳದದ್ದ ನನ್ನ ಕಡೆ.”

ಕಾರಣದ ಜಾಗವನ್ನು ಗುರುಜಿ ಖಾಲಿ ಬಿಡುವಂತಿಲ್ಲ. ಕೊನೆಗೆ, ಮುಂದಿನ ಶಿಕ್ಷಣ ತಾಯಿಯ ಬಳಿ ಎಂದು ಮರಾಠಿಯಲ್ಲಿ ಬರೆದು ಶಿಕ್ಕಾ ಒತ್ತಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಅರ್ಜಿ ಮುಟ್ಟುತ್ತದೆ ಎಂದು ಧೈರ್ಯವನ್ನೂ ಹೇಳಿದರು.

ಮನೆಗೆ ಬಂದ ಮಾಣಿಕಬಾಯಿ ಆ ಕಾಗದವನ್ನು ಮಗಳ ಮುಂದೆ ಹಿಡಿದು, ಎಲ್ಲೂ ತಡವರಿಸದೆ ಮರಾಠಿಯಲ್ಲಿ ಕೊನೆಯವರೆಗೆ ಓದಿದಳು. ಅಲಕಾ ಪರೀಕ್ಷೆಯ ಮಾತೇ ಎತ್ತಲಿಲ್ಲ.

“ನನ್ನ ಹೆಸರ ಇರೋದನ್ನ ಇನ್ನೊಮ್ಮೆ ಓದ, ಅವ್ವಾ,” ಎಂದಳು.